ಮೊದಲು ತೂಕ, ಆಮೇಲೆ ಸ್ಪ್ರಿಂಗ್: ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ ಒಂದರ ಪ್ರಕರಣ ಅಧ್ಯಯನ

ಈ ಪ್ರಕರಣದ ವಾಹನ 30 ವರ್ಷ ದಾಟಿದ ಒಂದು ಫೋರ್ ವೀಲ್ ಡ್ರೈವ್ ಪಿಕಪ್. ಏಣಿಯಾಕಾರದ ಚಾಸಿ, ಮುಂಭಾಗದಲ್ಲಿ ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್‌ನಂತೆ ವರ್ತಿಸುವ ಉಕ್ಕಿನ ಸರಳು) ಆಧರಿಸಿದ ಸ್ವತಂತ್ರ ಸಸ್ಪೆನ್ಷನ್, ಹಿಂಭಾಗದಲ್ಲಿ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್‌ಗಳ ಮೇಲೆ ಕುಳಿತ ಗಟ್ಟಿ ಆಕ್ಸಲ್. 1980ರ ದಶಕದ ಉತ್ತರಾರ್ಧ ಮತ್ತು 1990ರ ದಶಕದಲ್ಲಿ ಬಂದ ಟೊಯೋಟಾ ಹೈಲಕ್ಸ್, ನಿಸ್ಸಾನ್ ಡಿ21, ಮಿತ್ಸುಬಿಷಿ ಎಲ್200 ಮುಂತಾದವುಗಳ ಹಲವು ರೂಪಗಳು ಇದೇ ವಿನ್ಯಾಸದವು. ಆದ್ದರಿಂದ ಇಲ್ಲಿ ವಾಹನದ ಹೆಸರಿಗಿಂತ ಅದರ ಎಲುಬುಗೂಡು ಮುಖ್ಯ. ಇಲ್ಲಿ ಬರುವ ತೂಕ ಮತ್ತು ಅಳತೆಗಳು ಈ ಒಂದು ವಾಹನಕ್ಕೆ ಸೇರಿದವು. ಲೆಕ್ಕ ಹಾಕಿದ ಕ್ರಮ ಮಾತ್ರ ಆ ಬಳಗದ ಯಾವ ಗಾಡಿಗಾದರೂ ಒಪ್ಪುತ್ತದೆ.

ಮಾಲೀಕರು ದಂಪತಿ. ವಾರಗಟ್ಟಲೆ ಕಚ್ಚಾ ರಸ್ತೆಗಳಲ್ಲಿ ಸುತ್ತುತ್ತ, ರಾತ್ರಿ ಗಾಡಿಯಲ್ಲೇ ಮಲಗುವುದು ಅವರ ಉದ್ದೇಶ. ಯೋಜನೆಯ ಪರಿಶೀಲನೆಗೆಂದು ನನ್ನ ಬಳಿ ಬಂದಾಗ ಅವರ ಕೈಯಲ್ಲಿ ಆಗಲೇ ಒಂದು ಪಟ್ಟಿ ಸಿದ್ಧವಾಗಿತ್ತು: ನಾಲ್ಕು ಇಂಚು ಎತ್ತರಿಸುವ ಸಸ್ಪೆನ್ಷನ್ ಕಿಟ್, 33 ಇಂಚಿನ ಟೈರ್, ಹಿಂದೆ ಸ್ಪ್ರಿಂಗ್‌ಗೆ ಆಸರೆಯಾಗುವ ಗಾಳಿಚೀಲಗಳು, ಮುಂದೆ ಉಕ್ಕಿನ ಬಂಪರ್ ಹಾಗೂ ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ವಿಂಚ್, ಕೊನೆಯಲ್ಲಿ ಪಿಕಪ್‌ನ ಹಿಂದಿನ ತೊಟ್ಟಿಯೊಳಗೆ ಇಡೀಯಾಗಿ ಕೂರುವ, ಮಲಗಲು ಬರುವ ಗಟ್ಟಿ ಗೋಡೆಯ ಕ್ಯಾಂಪರ್. ಕಿಟ್‌ಗೆ ಇನ್ನೇನು ಮುಂಗಡ ಕೊಡುವವರಿದ್ದರು. ಪಟ್ಟಿಯಲ್ಲಿದ್ದ ವಸ್ತುಗಳಿಗಿಂತ ಹೆಚ್ಚಾಗಿ ಅವುಗಳ ಕ್ರಮದ ಬಗ್ಗೆ ನನಗೆ ತಕರಾರಿತ್ತು. ಸ್ಪ್ರಿಂಗ್ ಎಂಬುದು ಒಂದು ನಿರ್ದಿಷ್ಟ ಭಾರಕ್ಕೆ ಕೊಡುವ ಉತ್ತರ. ಭಾರ ಎಷ್ಟು ಮತ್ತು ಅದು ಎಲ್ಲಿ ಕೂರುತ್ತದೆ ಎಂಬುದು ಗೊತ್ತಾಗುವ ಮೊದಲೇ ಸ್ಪ್ರಿಂಗ್ ಕೊಂಡರೆ, ಪ್ರಶ್ನೆ ಕೇಳುವ ಮೊದಲೇ ಉತ್ತರ ಬರೆದಂತಾಗುತ್ತದೆ. ಹಾಗಾಗಿ ಪಟ್ಟಿಯನ್ನು ತಲೆಕೆಳಗು ಮಾಡಿ, ಕ್ಯಾಂಪರ್‌ನಿಂದ ಆರಂಭಿಸಿ ಸ್ಪ್ರಿಂಗ್‌ಗೆ ಬಂದು ಮುಗಿಸೋಣ ಎಂದು ಒಪ್ಪಿಸಿದೆ. ಅದಕ್ಕೂ ಮೊದಲು ಗಾಡಿಯ ಕಬ್ಬಿಣವನ್ನು ಒಮ್ಮೆ ನೋಡಬೇಕಿತ್ತು.

ಚಾಸಿ ಹೇಳಿದ್ದು

ಹಳೆಯ ಪಿಕಪ್‌ಗಳ ಚಾಸಿ ಹೊರಗಿನಿಂದಲ್ಲ, ಒಳಗಿನಿಂದ ಕೊಳೆಯುತ್ತದೆ. ಪೆಟ್ಟಿಗೆಯಂತೆ ಮುಚ್ಚಿದ ಉದ್ದ ತೊಲೆಗಳೊಳಗೆ ಸೇರಿದ ಕೆಸರು ತೇವವನ್ನು ವರ್ಷಗಟ್ಟಲೆ ಹಿಡಿದಿಡುತ್ತದೆ, ಬಣ್ಣ ಬಳಿದ ಹೊರಮೈ ನೋಡುವವರಿಗೆ ಆರೋಗ್ಯವಾಗಿಯೇ ಕಾಣುತ್ತದೆ. ಸಣ್ಣ ಸುತ್ತಿಗೆಯಿಂದ ತೊಲೆಯುದ್ದಕ್ಕೂ ತಟ್ಟುತ್ತ ಹೋದಾಗ ಎಲ್ಲೆಡೆ ಗಂಟೆಯಂತೆ ಕೇಳಿಸುತ್ತಿದ್ದ ದನಿ, ಬಲಬದಿಯ ಹಿಂದಿನ ಶ್ಯಾಕಲ್ (ಲೀಫ್ ಸ್ಪ್ರಿಂಗ್‌ನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಕೂರುವ ಜಾಗದಲ್ಲಿ ಮಂದವಾಯಿತು. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಇಳಿಯಿತು. ಕ್ಯಾಂಪರ್‌ನ ಭಾರವೆಲ್ಲ ನೆಲಕ್ಕಿಳಿಯುವ ದಾರಿಗಳಲ್ಲಿ ಅದೂ ಒಂದು.

ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ಹೊಸ ತುಂಡು ಬೆಸೆದು, ಅದರ ಮೇಲೆ ಬಲವರ್ಧಕ ಫಲಕ ಹಾಕಿಸಲಾಯಿತು. ಫಲಕದ ತುದಿಗಳನ್ನು ನೇರವಾಗಿ ಕತ್ತರಿಸದೆ ಮೀನಿನ ಬಾಲದಂತೆ ಓರೆಯಾಗಿ ಇಳಿಸಬೇಕೆಂದು ಬೆಸುಗೆಯವರಿಗೆ ಒತ್ತಿ ಹೇಳಿದ್ದೆವು, ಏಕೆಂದರೆ ತೊಲೆಗೆ ಅಡ್ಡಲಾಗಿ ಮೇಲಿಂದ ಕೆಳಗೆ ಎಳೆದ ನೇರ ಬೆಸುಗೆಯ ಗೆರೆಯೇ ಮುಂದೆ ಬಿರುಕು ಹುಟ್ಟುವ ಗೆರೆಯಾಗುತ್ತದೆ. ಕ್ಯಾಬಿನ್ ಮತ್ತು ತೊಟ್ಟಿಯ ನಡುವಿನ ಜಾಗವನ್ನೂ ತಂತಿ ಬ್ರಷ್‌ನಿಂದ ಉಜ್ಜಿ, ಭೂತಗನ್ನಡಿ ಹಿಡಿದು ನೋಡಿದೆವು. ಹಿಂಭಾಗದಲ್ಲಿ ಅತಿಭಾರ ಹೊತ್ತ ಪಿಕಪ್‌ಗಳು ಬಗ್ಗುವುದೂ ಸೀಳುವುದೂ ಹೆಚ್ಚಾಗಿ ಅಲ್ಲಿಯೇ. ಅಲ್ಲಿ ಏನೂ ಇರಲಿಲ್ಲ.

ಉಳಿದವು ವಯಸ್ಸಿಗೆ ತಕ್ಕ ಸವಕಳಿಗಳು: ಸ್ಟಿಯರಿಂಗ್‌ನ ಐಡ್ಲರ್ ಆರ್ಮ್ ಕೈಯಲ್ಲಿ ಹಿಡಿದು ಅಲುಗಿಸಿದರೆ ಅಲುಗುತ್ತಿತ್ತು, ಕೆಳಗಿನ ಬಾಲ್ ಜಾಯಿಂಟ್‌ಗಳು ಸವೆದಿದ್ದವು, ಬ್ರೇಕ್‌ನ ರಬ್ಬರ್ ಕೊಳವೆಗಳು ಬಾಗಿಸಿದರೆ ಬಿರುಕು ತೋರಿಸುತ್ತಿದ್ದವು. ಇವನ್ನೆಲ್ಲ ಮೊದಲೇ ಬದಲಾಯಿಸಿದ್ದರಿಂದ ಮಾಲೀಕರಿಗೆ ಸ್ವಲ್ಪ ನಿರಾಸೆಯಾಯಿತು. ತಿಂಗಳ ದುಡಿಮೆಯ ನಂತರವೂ ಗಾಡಿ ಹೊರನೋಟಕ್ಕೆ ಮೊದಲಿನಂತೆಯೇ ಇತ್ತು.

ತೂಕ

ಎಂಜಿನ್ ಕೋಣೆಯ ಫಲಕದಲ್ಲಿ ಮೂರು ಸಂಖ್ಯೆಗಳಿದ್ದವು. ಒಟ್ಟು ತೂಕದ ಮಿತಿ 2,550 ಕಿಲೋ, ಮುಂದಿನ ಆಕ್ಸಲ್‌ಗೆ 1,150, ಹಿಂದಿನ ಆಕ್ಸಲ್‌ಗೆ 1,450. ಹಲವರು ಮೊದಲನೆಯದನ್ನಷ್ಟೇ ಓದುತ್ತಾರೆ. ಈ ಪ್ರಕರಣ ನಿಂತದ್ದು ಮೂರನೆಯದರ ಮೇಲೆ. ಟ್ಯಾಂಕ್ ತುಂಬಿಸಿ, ಒಳಗೆ ಯಾರೂ ಇಲ್ಲದೆ, ತೊಟ್ಟಿ ಖಾಲಿ ಮಾಡಿ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದಾಗ ಮುಂದೆ 930, ಹಿಂದೆ 690, ಒಟ್ಟು 1,620 ಕಿಲೋ ಬಂತು. ಒಂದು ಆಕ್ಸಲ್ ಮಾತ್ರ ತಟ್ಟೆಯ ಮೇಲಿರುವಂತೆ ನಿಲ್ಲಿಸಿ, ಆಮೇಲೆ ಇಡೀ ಗಾಡಿಯನ್ನು ಏರಿಸಿ, ಎರಡನ್ನೂ ಬೇರೆ ಬೇರೆ ಬರೆದುಕೊಂಡೆವು. ಅಂದರೆ ಕಾಗದದ ಮೇಲೆ 930 ಕಿಲೋ ಹೊರುವ ಅವಕಾಶವಿದೆ, ಮತ್ತು ಈ ದೊಡ್ಡ ಸಂಖ್ಯೆಯೇ ಮಾಲೀಕರನ್ನು ಗಟ್ಟಿ ಗೋಡೆಯ ಕ್ಯಾಂಪರ್ ಕಡೆಗೆ ಎಳೆದಿತ್ತು.

ಅವರು ನೋಡಿದ್ದ ಕ್ಯಾಂಪರ್‌ನ ಖಾಲಿ ತೂಕ 520 ಕಿಲೋ. ಅದಕ್ಕೆ 80 ಲೀಟರ್ ನೀರು ಅಂದರೆ 80 ಕಿಲೋ, ಸಾಮಾನು 110 ಕಿಲೋ ಸೇರಿಸಿದರೆ 710. ಇಬ್ಬರು ಸೇರಿ 140. ಒಟ್ಟು 2,470, ಮಿತಿಗಿಂತ 80 ಕಿಲೋ ಕಡಿಮೆ, ಆದ್ದರಿಂದ ಸರಿಯಾಗಿದೆ ಎನಿಸುತ್ತದೆ. ಆದರೆ ಈ ಗಾಡಿಯ ಕ್ಯಾಬಿನ್ ಉದ್ದವಾಗಿ, ತೊಟ್ಟಿ ಗಿಡ್ಡವಾಗಿರುವುದರಿಂದ ಕ್ಯಾಂಪರ್‌ನ ಗುರುತ್ವಕೇಂದ್ರ ಹಿಂದಿನ ಆಕ್ಸಲ್‌ಗಿಂತ 150 ಮಿ.ಮೀ. ಹಿಂದೆ ಬೀಳುತ್ತಿತ್ತು. ವೀಲ್ ಬೇಸ್, ಅಂದರೆ ಎರಡು ಆಕ್ಸಲ್‌ಗಳ ನಡುವಿನ ದೂರ, 2,850 ಮಿ.ಮೀ. ಆಕ್ಸಲ್‌ನ ಹಿಂದೆ ಇಟ್ಟ ಭಾರ ಏತದ ಕೋಲಿನಂತೆ ವರ್ತಿಸುತ್ತದೆ: ಹಿಂದಿನ ಆಕ್ಸಲ್ ತನ್ನ ಮೇಲಿನ ಭಾರದ ಜೊತೆಗೆ ಮುಂದಿನ ಆಕ್ಸಲ್‌ನಿಂದ ಎತ್ತಿದ ಭಾರವನ್ನೂ ಹೊರಬೇಕಾಗುತ್ತದೆ. 710ನ್ನು 150ರಿಂದ ಗುಣಿಸಿ 2,850ರಿಂದ ಭಾಗಿಸಿದರೆ 37 ಕಿಲೋ. ಅಷ್ಟು ಮುಂದಿನಿಂದ ಕಳೆದು ಹಿಂದಕ್ಕೆ ಸೇರುತ್ತದೆ. ಕೂತವರ 140 ಕಿಲೋದಲ್ಲಿ ಸುಮಾರು 66 ಹಿಂದಕ್ಕೆ ಹೋಗುತ್ತದೆ. ಹಿಂದಿನ ಆಕ್ಸಲ್ ಮೇಲೆ ಒಟ್ಟು 1,503 ಕಿಲೋ. ಮಿತಿಗಿಂತ 53 ಹೆಚ್ಚು.

ಒಟ್ಟು ತೂಕ ಮಿತಿಯೊಳಗೆ, ಹಿಂದಿನ ಆಕ್ಸಲ್ ಮಿತಿಯಾಚೆ. ಕಾರ್ಖಾನೆಯ ಹೊಚ್ಚ ಹೊಸ ಗಾಡಿಗೇ ಇದು ಸಲ್ಲದು. ಶ್ಯಾಕಲ್ ಬುಡಕ್ಕೆ ತೇಪೆ ಹಾಕಿಸಿಕೊಂಡ 30 ವರ್ಷದ ಗಾಡಿಗಂತೂ ಮಾತೇ ಇಲ್ಲ. ಇಲ್ಲಿ ಸಾಮಾನ್ಯವಾಗಿ ಬರುವ ವಾದವೆಂದರೆ, ಗಟ್ಟಿ ಸ್ಪ್ರಿಂಗ್ ಹಾಕಿದರೆ ಮಿತಿ ಏರುತ್ತದಲ್ಲ ಎಂಬುದು. ಏರುವುದಿಲ್ಲ. ಸ್ಪ್ರಿಂಗ್ ಗಾಡಿಯ ನಿಲುವನ್ನು ಸರಿಪಡಿಸುತ್ತದೆಯೇ ಹೊರತು, ಹಿಂದಿನ ಚಕ್ರದ ಬೇರಿಂಗ್, ಆಕ್ಸಲ್ ಕೊಳವೆ, ಬ್ರೇಕ್ ಡ್ರಮ್, ಚಾಸಿ ತೊಲೆ ಇವುಗಳಲ್ಲಿ ಒಂದನ್ನೂ ಬಲಪಡಿಸುವುದಿಲ್ಲ. ಗಾಡಿ ನೆಟ್ಟಗೆ ನಿಂತಿದೆ ಎಂಬ ಕಾರಣಕ್ಕೆ ಅತಿಭಾರ ಕಣ್ಣಿಗೆ ಕಾಣದೆ ಹೋಗುವುದು ಇನ್ನೂ ಕೆಟ್ಟದ್ದು.

ಹಗುರ ಗೂಡು

ಬದಲಿಗೆ ಆರಿಸಿದ್ದು ಅಲ್ಯೂಮಿನಿಯಂ ಚೌಕಟ್ಟಿನ, ಮೇಲಕ್ಕೆ ಎತ್ತಿ ತೆರೆಯುವ ಛಾವಣಿಯ, ಕ್ಯಾನ್ವಾಸ್ ಪಕ್ಕೆಗಳ 150 ಕಿಲೋ ತೂಕದ ಗೂಡು. ಒಳಗಿನ ಹಾಸಿಗೆ ಹಲಗೆ ಮತ್ತು ಕಪಾಟುಗಳಿಗೆ 65 ಕಿಲೋ ಮೀಸಲಿಟ್ಟೆವು. ಈ 65ರೊಳಗೆ ಉಳಿಯುವುದಕ್ಕೆ ನಿಜವಾದ ಹೆಣಗಾಟ ನಡೆಯಿತು: 12 ಮಿ.ಮೀ. ಬರ್ಚ್ ಪ್ಲೈವುಡ್ ಒಂದು ಚದರ ಮೀಟರಿಗೆ ಸುಮಾರು 8 ಕಿಲೋ ತೂಗುತ್ತದೆ, ಮೊದಲ ನಕ್ಷೆಯಲ್ಲಿ 11 ಚದರ ಮೀಟರ್ ಹಲಗೆಯಿತ್ತು. ಹೊರೆ ಹೊರದ ಕಡೆ 6 ಮಿ.ಮೀ.ಗೆ ಇಳಿಸಿ, ಕಪಾಟಿನ ಬಾಗಿಲುಗಳ ಬದಲು ಬಟ್ಟೆಯ ಪರದೆ ಹಾಕಿ, ಜಾರುಡ್ರಾಯರ್‌ಗಳ ಆಸೆಯನ್ನು ಪೂರ್ತಿ ಬಿಟ್ಟಾಗ ಲೆಕ್ಕ ಸರಿಹೋಯಿತು. ಉಕ್ಕಿನ ಹಳಿಗಳ ಮೇಲೆ ಜಾರುವ ಡ್ರಾಯರ್ ನೋಡಲು ಚೆಂದ, ಆದರೆ ಅದರೊಳಗಿಡುವ ಸಾಮಾನಿಗಿಂತ ಅದೇ ಹೆಚ್ಚು ತೂಗುವುದನ್ನು ಕಂಡಿದ್ದೇನೆ.

ಉಳಿದಂತೆ 60 ಲೀಟರ್ ನೀರು, ಪದಾರ್ಥ ಸಹಿತ ಫ್ರಿಜ್ 35 ಕಿಲೋ, ಅಡುಗೆಯ ಸಾಮಾನು ಮತ್ತು ಆಹಾರ 40, ಬಟ್ಟೆ ಹಾಸಿಗೆ 35, ಉಪಕರಣಗಳು 30, ಮತ್ತು 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 12 ಕಿಲೋ. ಅಷ್ಟೇ ಸಾಮರ್ಥ್ಯದ ಸೀಸದ ಬ್ಯಾಟರಿ 30 ಕಿಲೋದ ಆಸುಪಾಸು ತೂಗುತ್ತದೆ, ಅದರಲ್ಲೂ ಅರ್ಧದಷ್ಟನ್ನೇ ಬಳಸುವುದು ಕ್ಷೇಮ. ಆದರೆ ಲಿಥಿಯಂ ಬ್ಯಾಟರಿಯನ್ನು ಹಳೆಯ ಆಲ್ಟರ್ನೇಟರ್‌ಗೆ ನೇರವಾಗಿ ಜೋಡಿಸಿದರೆ ಅದು ಸಿಕ್ಕಷ್ಟು ಕರೆಂಟನ್ನೆಲ್ಲ ಎಳೆದು ಆಲ್ಟರ್ನೇಟರನ್ನು ಸುಡಬಲ್ಲದು. ಹಾಗಾಗಿ ನಡುವೆ 20 ಆಂಪಿಯರ್‌ಗೆ ಮಿತಿಗೊಳಿಸುವ ಡಿಸಿ-ಡಿಸಿ ಚಾರ್ಜರ್ ಇಟ್ಟೆವು, ಬ್ಯಾಟರಿಯ ತುದಿಯಲ್ಲೇ ಫ್ಯೂಸ್ ಕೂರಿಸಿದೆವು. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಗೆ ಚಾರ್ಜ್ ಮಾಡಬಾರದಾದ್ದರಿಂದ ಅದು ಗೂಡಿನ ಒಳಗೇ ಉಳಿಯಿತು. ಗ್ಯಾಸ್ ಸಿಲಿಂಡರ್‌ಗೆ ಪ್ರತ್ಯೇಕ ಮುಚ್ಚಿದ ಪೆಟ್ಟಿಗೆ, ಪೆಟ್ಟಿಗೆಯ ತಳದಿಂದ ಹೊರಗೆ ತೆರೆಯುವ ರಂಧ್ರ: ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ತಳದಲ್ಲೇ ಮಡುಗಟ್ಟುತ್ತದೆ.

ನೀರಿನ ತೊಟ್ಟಿಯನ್ನು ಮಾಲೀಕರು ಹಿಂಬಾಗಿಲ ಹತ್ತಿರ ಬಯಸಿದ್ದರು, ಕೈ ತೊಳೆಯಲು ಅನುಕೂಲ ಎಂದು. ಅದನ್ನು ಕ್ಯಾಬಿನ್ ಗೋಡೆಗೆ ಒತ್ತಿ, ನೆಲಮಟ್ಟದಲ್ಲಿ ಕೂರಿಸಿ, ಒಂದು ಕೊಳವೆಯಿಂದ ನೀರನ್ನು ಹಿಂದಕ್ಕೆ ತಂದೆವು. ಭಾರವಾದ ವಸ್ತುಗಳನ್ನೆಲ್ಲ ಹೀಗೆ ಮುಂದಕ್ಕೆ ಸರಿಸಿದ್ದರಿಂದ ಒಟ್ಟು 427 ಕಿಲೋದ ಗುರುತ್ವಕೇಂದ್ರ ಹಿಂದಿನ ಆಕ್ಸಲ್‌ಗಿಂತ 50 ಮಿ.ಮೀ. ಮುಂದೆ ಬಂತು. ಲೆಕ್ಕದಂತೆ ಮುಂದೆ 1,011, ಹಿಂದೆ 1,176, ಒಟ್ಟು 2,187 ಕಿಲೋ. ಹಿಂದಿನ ಆಕ್ಸಲ್‌ಗೆ ಇನ್ನೂ 274 ಕಿಲೋ ಉಸಿರಾಡುವ ಜಾಗ ಉಳಿಯಿತು.

ಉಕ್ಕಿನ ಬಂಪರ್ ಮತ್ತು ವಿಂಚ್ ಸೇರಿ 85 ಕಿಲೋ. ಅವು ಮುಂದಿನ ಆಕ್ಸಲ್‌ಗಿಂತ ಸುಮಾರು 700 ಮಿ.ಮೀ. ಮುಂದೆ ತೂಗಾಡುವುದರಿಂದ ಆ ಆಕ್ಸಲ್ ಮೇಲೆ ಬೀಳುವುದು 85 ಅಲ್ಲ, 106. ಆಗ ಮುಂಭಾಗ 1,117ಕ್ಕೆ ಏರಿ ಮಿತಿಗೆ ಬರೀ 33 ಕಿಲೋ ಉಳಿಯುತ್ತದೆ. ಬದಲಿಗೆ ಚಾಸಿಗೆ ನೇರವಾಗಿ ಬೋಲ್ಟ್ ಮಾಡಿದ ಗಟ್ಟಿ ಎಳೆಕೊಕ್ಕೆಗಳು, ಕೈಯಿಂದ ನಡೆಸುವ ವಿಂಚ್, ಮರಳಿಗೆ ಹಾಸುವ ಹಲಗೆಗಳು ಸಾಕು ಎಂದು ತೀರ್ಮಾನವಾಯಿತು. ಇದನ್ನು ಪತಿ ಮನಸ್ಸಿಲ್ಲದೆ ಒಪ್ಪಿದರು.

ಗೂಡನ್ನು ತೊಟ್ಟಿಗೆ ಬಿಗಿಯುವಾಗ ಗಮನಿಸಬೇಕಾದ ಒಂದು ಸಂಗತಿಯಿದೆ. ಏಣಿ ಚಾಸಿ ಏರುತಗ್ಗಿನಲ್ಲಿ ತಿರುಚಿಕೊಳ್ಳುತ್ತದೆ, ಕ್ಯಾಬಿನ್ ಒಂದು ಕಡೆಗೆ ವಾಲಿದರೆ ತೊಟ್ಟಿ ಮತ್ತೊಂದು ಕಡೆಗೆ ವಾಲುತ್ತದೆ. ಆದ್ದರಿಂದ ಗೂಡನ್ನು ತೊಟ್ಟಿಗಷ್ಟೇ ಕಟ್ಟಬೇಕು, ಕ್ಯಾಬಿನ್ ಮೇಲೆ ಚಾಚಿದ ಭಾಗ ಕ್ಯಾಬಿನ್ನಿಗೆ ತಾಗದಂತೆ ಬೆರಳುಗಳು ಧಾರಾಳವಾಗಿ ತೂರುವಷ್ಟು ಸಂದು ಬಿಡಬೇಕು. ಇಲ್ಲಿ ಆರು ಕಡೆ ರಬ್ಬರ್ ಹಾಸಿನ ಮೇಲೆ ಬೋಲ್ಟ್ ಹಾಕಿ, ಕೆಳಗೆ ಅಗಲ ವಾಷರ್ ಫಲಕಗಳನ್ನು ಕೊಡಲಾಯಿತು.

ಹಿಂದಿನ ಲೀಫ್ ಸ್ಪ್ರಿಂಗ್

ಸ್ಪ್ರಿಂಗ್‌ನ ಮಾತು ಆಡುವ ಹೊತ್ತು ಈಗ ಬಂದಿತ್ತು. ಹಳೆಯ ಸ್ಪ್ರಿಂಗ್ ಪಟ್ಟಿಗಳು ಎಷ್ಟು ಗಟ್ಟಿ ಎಂದು ತಿಳಿಯಲು ಯಾವ ಯಂತ್ರವೂ ಬೇಕಿಲ್ಲ. ಚಕ್ರದ ಮಧ್ಯಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರ ಅಳೆದು, ಆಕ್ಸಲ್‌ನ ನೇರ ಮೇಲೆ 200 ಕಿಲೋ ಮರಳಿನ ಚೀಲ ಇಟ್ಟು, ಗಾಡಿಯನ್ನು ಒಂದೆರಡು ಬಾರಿ ಕುಲುಕಿ ಮತ್ತೆ ಅಳೆದೆವು. 45 ಮಿ.ಮೀ. ಇಳಿದಿತ್ತು. ಅಂದರೆ ಒಂದೊಂದು ಬದಿಗೆ 100 ಕಿಲೋಗೆ 45 ಮಿ.ಮೀ.; ಮಿಲಿಮೀಟರಿಗೆ 2.2 ಕಿಲೋ, ಸುಮಾರು 22 ನ್ಯೂಟನ್. ಜೊತೆಗೆ ಎಡಬದಿ ಬಲಬದಿಗಿಂತ 22 ಮಿ.ಮೀ. ತಗ್ಗಿತ್ತು.

ಗೂಡು, ಸಾಮಾನು ಮತ್ತು ಕೂತವರಿಂದ ಹೊಸದಾಗಿ ಹಿಂದಿನ ಆಕ್ಸಲ್‌ಗೆ ಸೇರುವ 486 ಕಿಲೋದಲ್ಲಿ ಒಂದು ಬದಿಗೆ 243. ಹಳೆಯ ಪಟ್ಟಿ ಇದಕ್ಕೆ 110 ಮಿ.ಮೀ. ಇಳಿಯಬೇಕು, ಆದರೆ ಬಂಪ್ ಸ್ಟಾಪ್ ಎಂಬ ರಬ್ಬರ್ ತಡೆಯವರೆಗೆ ಇದ್ದ ಅಂತರ 85 ಮಾತ್ರ. ಕೆಳಗಿನ ದಪ್ಪ ಹೆಲ್ಪರ್ ಪಟ್ಟಿ ನಡುವೆ ತಾಗಿ ಒಂದಷ್ಟು ತಡೆಯುತ್ತದೆ ಎಂದಿಟ್ಟುಕೊಂಡರೂ, ಪ್ರತಿ ಹಳ್ಳಕ್ಕೂ ರಬ್ಬರ್ ಗುದ್ದುವ ಸವಾರಿಯದು.

ಹಾಗಾದರೆ ಎಷ್ಟು ಗಟ್ಟಿ ಬೇಕು? ನಾನು ಹಿಡಿದ ಅಳತೆಗೋಲು ಕುಲುಕಿನ ವೇಗ, ಅಂದರೆ ಗಾಡಿ ತನ್ನಷ್ಟಕ್ಕೆ ಸೆಕೆಂಡಿಗೆ ಎಷ್ಟು ಬಾರಿ ಮೇಲೆ ಕೆಳಗೆ ತೂಗುತ್ತದೆ ಎಂಬುದು. ಆಕ್ಸಲ್, ಚಕ್ರ ಮೊದಲಾದ ಸ್ಪ್ರಿಂಗ್‌ನ ಕೆಳಗಿನ ತೂಕವನ್ನು 176 ಕಿಲೋ ಎಂದು ಹಿಡಿದು ಕಳೆದರೆ, ಖಾಲಿ ಗಾಡಿಯಲ್ಲಿ ಒಂದು ಹಿಂಬದಿ ಸ್ಪ್ರಿಂಗ್ ಮೇಲೆ 257 ಕಿಲೋ ಇರುತ್ತದೆ, ಕುಲುಕಿನ ವೇಗ ಸೆಕೆಂಡಿಗೆ 1.47. ಅದೇ ಪಟ್ಟಿಯ ಮೇಲೆ ಗೂಡು ಬಂದು ಭಾರ 500 ಆದಾಗ ವೇಗ 1.05ಕ್ಕೆ ಇಳಿಯುತ್ತದೆ, ತೊಟ್ಟಿಲು ತೂಗಿದಂತೆ, ತಿರುವಿನಲ್ಲಿ ಹೊಟ್ಟೆ ತೊಳಸುವಂತೆ. ಖಾಲಿ ಗಾಡಿಯ ಹದವನ್ನೇ ಉಳಿಸಿಕೊಳ್ಳಬೇಕೆಂದರೆ ಮಿಲಿಮೀಟರಿಗೆ 40ರಿಂದ 43 ನ್ಯೂಟನ್ ಬೇಕು. ಸದಾ 300 ಕಿಲೋ ಹೊರುವ ಗಾಡಿಗಳಿಗೆಂದು ಮಾಡಿದ 40 ನ್ಯೂಟನ್‌ನ ಪಟ್ಟಿಗಳು ಸಿಕ್ಕವು, ವೇಗ 1.42. ಅವರು ಮೊದಲು ಕೊಳ್ಳಹೊರಟಿದ್ದ ಕಿಟ್‌ನಲ್ಲಿ 600 ಕಿಲೋ ದರ್ಜೆಯ ಪಟ್ಟಿಗಳಿದ್ದವು. ಈ ಹಗುರ ಗೂಡಿನ ಕೆಳಗೆ ಅವು ಎತ್ತಿನಗಾಡಿಯ ಸವಾರಿ ಕೊಡುತ್ತಿದ್ದವು. ತೂಕ ಮೊದಲು ಎಂಬ ನಿಯಮದ ನಿಜವಾದ ಲಾಭ ಇದು: ಅದು ಸ್ಪ್ರಿಂಗ್ ಸಾಲದೆ ಹೋಗುವುದನ್ನು ತಪ್ಪಿಸುವುದಕ್ಕಿಂತ ಹೆಚ್ಚಾಗಿ, ಅದು ಅತಿಯಾಗುವುದನ್ನು ತಪ್ಪಿಸುತ್ತದೆ.

ಗಟ್ಟಿಪಟ್ಟಿಯ ಒಂದು ಬೆಲೆಯಿದೆ. ಗೂಡನ್ನು ಇಳಿಸಿ ಗಾಡಿಯನ್ನು ಖಾಲಿ ಬಿಟ್ಟರೆ ಹಿಂಭಾಗ 60 ಮಿ.ಮೀ. ಮೇಲೇಳುತ್ತದೆ, ಗಾಡಿ ಮಿಡತೆಯಂತೆ ನಿಲ್ಲುತ್ತದೆ, ಖಾಲಿ ಸವಾರಿ ಒರಟಾಗುತ್ತದೆ. ಗೂಡು ವರ್ಷವಿಡೀ ಮೇಲೆಯೇ ಇರುತ್ತದೆಯೇ ಎಂದು ಮೂರು ಬಾರಿ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಇದನ್ನು ಆರಿಸಿದ್ದು. ಕೆಲವು ದಿನ ಹೊತ್ತು ಕೆಲವು ದಿನ ಇಳಿಸುವವರಾಗಿದ್ದರೆ ಮೃದುವಾದ ಪಟ್ಟಿ ಮತ್ತು ಗಾಳಿಚೀಲದ ಜೋಡಿಯನ್ನು ಕನಿಷ್ಠ ಪರಿಗಣಿಸುತ್ತಿದ್ದೆ.

ಗಾಳಿಚೀಲವನ್ನು ಇಲ್ಲಿ ಕೈಬಿಟ್ಟ ಕಾರಣ ಚಾಸಿ. ಲೀಫ್ ಸ್ಪ್ರಿಂಗ್ ತನ್ನ ಭಾರವನ್ನು ಒಂದು ಮೀಟರಿಗೂ ಹೆಚ್ಚು ದೂರದಲ್ಲಿರುವ ಎರಡು ತುದಿಗಳಿಗೆ ಹಂಚಿ ತೊಲೆಗೆ ಒಪ್ಪಿಸುತ್ತದೆ. ನಡುವೆ ಕೂರುವ ಗಾಳಿಚೀಲವಾದರೋ ಆಕ್ಸಲ್‌ನ ನೇರ ಮೇಲೆ, ವಿನ್ಯಾಸಕಾರರು ಯಾವ ಭಾರವನ್ನೂ ನಿರೀಕ್ಷಿಸದ ಒಂದೇ ಬಿಂದುವಿನಲ್ಲಿ ತೊಲೆಯನ್ನು ಮೇಲಕ್ಕೆ ಒತ್ತುತ್ತದೆ; ಹಿಂದೆ ತೂಗುವ ಭಾರ ಅದೇ ತೊಲೆಯನ್ನು ಕೆಳಕ್ಕೆ ಎಳೆಯುತ್ತದೆ. ಮಿತವಾದ ಒತ್ತಡದಲ್ಲಿ, ಒಳ್ಳೆಯ ಚಾಸಿಯಲ್ಲಿ ಇದು ನಡೆದೀತು. ತೇಪೆ ಹಾಕಿದ ಚಾಸಿಯಲ್ಲಿ ಪರೀಕ್ಷೆ ಮಾಡಿ ನೋಡುವ ವಿಷಯವಲ್ಲ.

ಶಾಕ್ ಅಬ್ಸಾರ್ಬರ್‌ಗಳನ್ನು ಹಾಗೆಯೇ ಬಿಡಬಹುದೇ ಎಂಬ ಪ್ರಶ್ನೆಗೂ ಅದೇ ಲೆಕ್ಕದಲ್ಲಿ ಉತ್ತರವಿದೆ. ಕುಲುಕನ್ನು ಅದೇ ಹದದಲ್ಲಿ ಅಡಗಿಸಬೇಕಾದರೆ ಬೇಕಾಗುವ ತಡೆ, ಸ್ಪ್ರಿಂಗ್‌ನ ಗಡಸು ಮತ್ತು ಮೇಲಿನ ಭಾರ ಇವುಗಳ ಗುಣಲಬ್ಧದ ವರ್ಗಮೂಲದಂತೆ ಏರುತ್ತದೆ. ಗಡಸು 22ರಿಂದ 40ಕ್ಕೆ, ಭಾರ 257ರಿಂದ 500ಕ್ಕೆ ಏರಿದಾಗ ಸುಮಾರು 1.9 ಪಟ್ಟು ತಡೆ ಬೇಕು. ಹಳೆಯ ಶಾಕ್ ಹೊಸದಾಗಿದ್ದಾಗಲೇ ಇದಕ್ಕೆ ಸಾಲುತ್ತಿರಲಿಲ್ಲ. ಉದ್ದವನ್ನು ಕಿಟ್‌ನ ಪೆಟ್ಟಿಗೆಯಿಂದ ಓದದೆ ಗಾಡಿಯ ಮೇಲೆಯೇ ಅಳೆದೆವು: ಚಕ್ರ ಪೂರ್ತಿ ಜೋತಾಗ ಶಾಕ್ ತನ್ನ ಕೊನೆ ಮುಟ್ಟಬಾರದು, ಬಂಪ್ ಸ್ಟಾಪ್ ಪೂರ್ತಿ ಒತ್ತಿದಾಗಲೂ ಒಳಗೆ ಒಂದಿಷ್ಟು ಉಳಿದಿರಬೇಕು. ಶಾಕ್ ತಾನೇ ತಡೆಗಟ್ಟೆಯಾದರೆ ಮೊದಲು ಅದರ ಬುಷ್, ಆಮೇಲೆ ಅದರ ಕೊಂಡಿ ಹರಿಯುತ್ತದೆ.

ಮುಂಭಾಗ ಮತ್ತು ನಾಲ್ಕು ಇಂಚಿನ ಆಸೆ

ಟಾರ್ಶನ್ ಬಾರ್‌ನ ತುದಿಯಲ್ಲಿರುವ ಬೋಲ್ಟ್ ತಿರುಗಿಸಿದರೆ ಗಾಡಿಯ ಮುಂಭಾಗ ಮೇಲೇಳುತ್ತದೆ. ದುಡ್ಡಿಲ್ಲದೆ ಸಿಗುವ ಎತ್ತರವಾದ್ದರಿಂದ ಇದು ಬಹುಜನಪ್ರಿಯ. ಆದರೆ ಬೋಲ್ಟ್ ತಿರುಗಿಸುವುದರಿಂದ ಸರಳು ಗಟ್ಟಿಯಾಗುವುದಿಲ್ಲ, ಅದು ತಿರುಚಲು ಆರಂಭಿಸುವ ಜಾಗವಷ್ಟೇ ಬದಲಾಗುತ್ತದೆ. ಗಡಸು ನಿಂತಿರುವುದು ಸರಳಿನ ವ್ಯಾಸದ ನಾಲ್ಕನೆಯ ಘಾತದ ಮೇಲೆ, 24 ಮಿ.ಮೀ. ಸರಳನ್ನು 26ಕ್ಕೆ ಏರಿಸಿದರೆ ಸಾಕು, ಗಡಸು ಶೇಕಡ 38ರಷ್ಟು ಹೆಚ್ಚುತ್ತದೆ. ಎರಡು ಮಿಲಿಮೀಟರಿನ ಈ ಮಹಿಮೆ ಗೊತ್ತಿಲ್ಲದೆ ಅತಿ ದಪ್ಪ ಸರಳು ಹಾಕಿಸಿಕೊಂಡವರು ಆಮೇಲೆ ಶಾಕ್ ಅನ್ನು ದೂರುತ್ತಾರೆ.

ಬೋಲ್ಟ್ ತಿರುಗಿಸಿ ಎತ್ತರಿಸಿದಷ್ಟೂ ಚಕ್ರ ಕೆಳಕ್ಕೆ ಜೋಲುವ ಅವಕಾಶ ಕಡಿಮೆಯಾಗುತ್ತದೆ, ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್‌ನ ಬಾಗುವ ಕೀಲುಗಳಾದ ಸಿವಿ ಜಾಯಿಂಟ್‌ಗಳ ಕೋನ ಚೂಪಾಗುತ್ತದೆ, ಮೇಲಿನ ತೋಳು ತನ್ನ ರಬ್ಬರ್ ತಡೆಗೆ ಅಂಟಿಕೊಂಡು ಪ್ರತಿ ಉಬ್ಬಿಗೂ ಟಕ್ಕೆನ್ನುತ್ತದೆ. ನಾಲ್ಕು ಇಂಚು ಬೇಕೆಂದರೆ ಡಿಫರೆನ್ಷಿಯಲ್ಲನ್ನೂ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಕೆಳಗಿನ ತೋಳುಗಳನ್ನೂ ಬ್ರಾಕೆಟ್‌ಗಳಿಂದ ಇಳಿಸಬೇಕು; ಆಗ ನೆಲಕ್ಕೆ ಹತ್ತಿರವಾಗುವುದು ಅದೇ ಬ್ರಾಕೆಟ್‌ಗಳು. ಇಲ್ಲಿ ಮಾಡಿದ್ದು ಇಷ್ಟೇ: ಕುಸಿದಿದ್ದ 18 ಮಿ.ಮೀ. ಮರಳಿ ಪಡೆದು, ಅದರ ಮೇಲೆ 25 ಮಿ.ಮೀ. ಏರಿಸಿ, 50 ಮಿ.ಮೀ.ಗಿಂತ ಹೆಚ್ಚು ಜೋಲು ಉಳಿದಿದೆ ಎಂದು ಅಳೆದು ನೋಡಿ, ಒಂದು ಹಂತ ದಪ್ಪದ ಸರಳನ್ನು ಆರಿಸಿದ್ದು. ಹಿಂಭಾಗ ತುಂಬಿದ ಸ್ಥಿತಿಯಲ್ಲಿ ಕಾರ್ಖಾನೆಯ ಖಾಲಿ ಎತ್ತರಕ್ಕಿಂತ 30 ಮಿ.ಮೀ. ಮೇಲೆ ನಿಂತಿತು.

ಎತ್ತರದ ಬಗ್ಗೆ ಇನ್ನೊಂದು ಮಾತು. ಸಸ್ಪೆನ್ಷನ್ ಎಷ್ಟೇ ಎತ್ತರಿಸಿದರೂ ಹಿಂದಿನ ಡಿಫರೆನ್ಷಿಯಲ್ ನೆಲದಿಂದ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ, ಅದು ಚಕ್ರದ ಜೊತೆಗೇ ಇರುತ್ತದೆ. ಅಲ್ಲಿ ಜಾಗ ಕೊಡುವುದು ಟೈರ್ ಮಾತ್ರ, ಅದೂ ವ್ಯಾಸದ ಅರ್ಧದಷ್ಟು. ಮೂಲ 225/75 ಆರ್15 ಟೈರಿನ ವ್ಯಾಸ ಸುಮಾರು 718 ಮಿ.ಮೀ. 31 ಇಂಚಿನದು 787; ಸಿಗುವ ಲಾಭ 34 ಮಿ.ಮೀ., ತೆರುವ ಬೆಲೆ ಗೇರಿಂಗ್‌ನಲ್ಲಿ ಶೇಕಡ 9.6. 33 ಇಂಚಾದರೆ ಶೇಕಡ 16ಕ್ಕೂ ಹೆಚ್ಚು. ಹಳೆಯ ಎಂಜಿನ್, ಎರಡು ಟನ್ ದಾಟಿದ ಭಾರ, ಏರುದಾರಿ ಈ ಮೂರು ಕೂಡಿದಾಗ ಐದನೆಯ ಗೇರ್ ಇದ್ದೂ ಇಲ್ಲದಂತಾಗುತ್ತದೆ, ಕ್ಲಚ್ ಬೇಗ ಸವೆಯುತ್ತದೆ, ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ಸದ್ಯಕ್ಕೆ 235/75 ಆರ್15, ಲೋಡ್ ಇಂಡೆಕ್ಸ್ 104ರ ಟೈರ್ ಹಾಕಲಾಗಿದೆ: ವ್ಯಾಸದಲ್ಲಿ ಶೇಕಡ 2ರ ವ್ಯತ್ಯಾಸ, ಒಂದೊಂದಕ್ಕೆ 900 ಕಿಲೋ ಹೊರುವ ಶಕ್ತಿ. 31 ಇಂಚಿನ ಪ್ರಶ್ನೆಯನ್ನು ಈ ಟೈರ್‌ಗಳು ಸವೆದ ಮೇಲೆ, ಎರಡೂ ಡಿಫರೆನ್ಷಿಯಲ್‌ಗಳ ಗೇರ್ ಅನುಪಾತ ಬದಲಿಸುವ ಮಾತಿನೊಂದಿಗೇ ಎತ್ತಿಕೊಳ್ಳುವುದೆಂದು ಒಪ್ಪಂದವಾಗಿದೆ. ಪತ್ನಿಗೆ ಇದು ಸಮಾಧಾನ ತಂದಿದೆ, ಪತಿಗೆ ಇನ್ನೂ ಇಲ್ಲ.

ಜೋಡಣೆ, ಮತ್ತು ನಮ್ಮ ತಪ್ಪು

ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿದಿದ್ದ, ಈಗ ಬಿಚ್ಚಿದ ಯು-ಬೋಲ್ಟ್‌ಗಳನ್ನು ಮತ್ತೆ ಬಳಸಲಿಲ್ಲ. ಒಮ್ಮೆ ಬಿಗಿದಾಗಲೇ ಅವು ಎಳೆದುಕೊಂಡಿರುತ್ತವೆ. ಪಟ್ಟಿಯ ತುದಿಯ ಬಳೆಯಂಥ ಕಣ್ಣಿನ ಬೋಲ್ಟ್‌ಗಳನ್ನು ಜಾಕ್ ಮೇಲಿದ್ದಾಗ ಸಡಿಲವಾಗಿಯೇ ಬಿಟ್ಟು, ಗಾಡಿ ತನ್ನ ಪೂರ್ತಿ ಭಾರದೊಂದಿಗೆ ಚಕ್ರದ ಮೇಲೆ ನಿಂತ ಮೇಲೆ ಬಿಗಿದೆವು, ಇಲ್ಲವಾದರೆ ರಬ್ಬರ್ ಬುಷ್ ಹುಟ್ಟಿನಿಂದಲೇ ತಿರುಚಿಕೊಂಡು ಬೇಗ ಹರಿಯುತ್ತದೆ. 500 ಕಿಲೋಮೀಟರ್ ಓಡಿದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಬಿಗಿಯಲಾಯಿತು. ವೀಲ್ ಅಲೈನ್‌ಮೆಂಟ್ ಮಾಡಿಸಿದ್ದು ಎಲ್ಲಕ್ಕಿಂತ ಕೊನೆಗೆ, ಗೂಡು, ನೀರು, ಸಾಮಾನು ಸಮೇತ.

ಇಷ್ಟೆಲ್ಲ ಎಚ್ಚರ ವಹಿಸಿದವರು ಒಂದನ್ನು ಮರೆತೆವು. ಮೊದಲ ಬ್ರೇಕ್ ಪರೀಕ್ಷೆಯಲ್ಲಿ ಗಾಡಿ ಮೂಗು ನೆಲಕ್ಕೆ ತಾಗುವಂತೆ ಮುಗ್ಗರಿಸಿತು, ನಿಲ್ಲುವ ದೂರವೂ ನಿರೀಕ್ಷೆಗಿಂತ ಹೆಚ್ಚಾಗಿತ್ತು. ಬ್ರೇಕ್‌ನಲ್ಲಿ ಗಾಳಿ ಇರಬಹುದೆಂದು ಒಂದು ಮಧ್ಯಾಹ್ನವೆಲ್ಲ ಬ್ಲೀಡ್ ಮಾಡಿದೆವು. ಕಾರಣ ಬೇರೆಯೇ ಇತ್ತು. ಈ ಬಳಗದ ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಒಂದು ಕಡ್ಡಿ ಚಾಸಿಯ ಮೇಲಿನ ವಾಲ್ವ್‌ಗೆ ಹೋಗುತ್ತದೆ. ಆಕ್ಸಲ್ ಮತ್ತು ಚಾಸಿಯ ಅಂತರ ಹೆಚ್ಚಿದ್ದರೆ ತೊಟ್ಟಿ ಖಾಲಿಯಿದೆ ಎಂದು ಭಾವಿಸಿ ವಾಲ್ವ್ ಹಿಂದಿನ ಬ್ರೇಕ್‌ನ ಒತ್ತಡ ತಗ್ಗಿಸುತ್ತದೆ. ನಾವು ಗಾಡಿಯನ್ನು ಎತ್ತರಿಸಿದ್ದರಿಂದ, 427 ಕಿಲೋ ಹೊತ್ತಿದ್ದರೂ ವಾಲ್ವ್‌ನ ಲೆಕ್ಕದಲ್ಲಿ ತೊಟ್ಟಿ ಖಾಲಿಯಾಗಿತ್ತು. ಕಡ್ಡಿಯ ಆಕ್ಸಲ್ ಕಡೆಯ ಬ್ರಾಕೆಟ್ಟನ್ನು ಏರಿದಷ್ಟೇ ಎತ್ತರಿಸಿ, ಜಲ್ಲಿ ಹಾಸಿನ ಮೇಲೆ ಮತ್ತೆ ಪರೀಕ್ಷಿಸಿ, ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಮೊದಲು ಲಾಕ್ ಆಗುವುದಿಲ್ಲ ಎಂದು ಖಚಿತಪಡಿಸಿಕೊಂಡೆವು. ಕಿಟ್‌ಗಳೊಂದಿಗೆ ಬರುವ ಕಾಗದಗಳಲ್ಲಿ ಈ ಕಡ್ಡಿಯ ಉಲ್ಲೇಖ ಎಷ್ಟೋ ಬಾರಿ ಇರುವುದೇ ಇಲ್ಲ, ಆದರೆ ಕಣ್ಣೆದುರೇ ತೂಗುತ್ತಿದ್ದುದನ್ನು ಕಾಣದ ಹೊಣೆ ನಮ್ಮದೇ.

ಮೊದಲ ದೀರ್ಘ ಪಯಣದಿಂದ ಮರಳಿದಾಗ, ಏನನ್ನೂ ಇಳಿಸದೆ, ನೀರನ್ನೂ ಇಂಧನವನ್ನೂ ತುಂಬಿಸಿ, ಇಬ್ಬರೂ ಕುಳಿತಂತೆಯೇ ಗಾಡಿಯನ್ನು ಮತ್ತೆ ವೇ ಬ್ರಿಡ್ಜ್‌ಗೆ ಒಯ್ದರು. ಮುಂದೆ 1,022, ಹಿಂದೆ 1,208, ಒಟ್ಟು 2,230; ಯೋಜನೆಗಿಂತ 43 ಕಿಲೋ ಹೆಚ್ಚು. ಹೊಸ ಪಟ್ಟಿಗಳು ನಿರೀಕ್ಷೆಯಂತೆ ತುಸು ಕೂತು 12 ಮಿ.ಮೀ. ಇಳಿದಿದ್ದವು. ಹೆಚ್ಚಿದ್ದರ ಮೂಲ ಹುಡುಕುತ್ತ ಹೋದಾಗ 19 ಕಿಲೋ ಎಡಬದಿಗೆ ಆಮೇಲೆ ಸೇರಿಸಿದ ನೆರಳಿನ ಪರದೆಯದು ಎಂದೂ, ಎಂಟು ಕಿಲೋ ಪುಸ್ತಕಗಳೆಂದೂ, ಉಳಿದದ್ದು ಸ್ಕ್ರೂ, ಅಂಟು, ಶಾಖನಿರೋಧಕ ಹಾಳೆ, ವೈರು ಇಂಥ ಯಾರೂ ತೂಗದ ಸಣ್ಣಪುಟ್ಟವುಗಳದೆಂದೂ ತಿಳಿಯಿತು. ಪರದೆಯನ್ನು ಬಲಬದಿಗೆ ಸಾಗಿಸಿ, ಎಡಕ್ಕೆ ಹೆಚ್ಚಿದ್ದ ಭಾರವನ್ನು ಫ್ರಿಜ್‌ನ ಸ್ಥಾನ ಬದಲಿಸಿ ಸರಿದೂಗಿಸಿ, ಟಾರ್ಶನ್ ಬಾರ್‌ನ ಎಡ ಬೋಲ್ಟನ್ನು ಅರ್ಧ ಸುತ್ತು ಹಿಂದಕ್ಕೆ ಬಿಡಲಾಯಿತು. ಪುಸ್ತಕಗಳನ್ನು ಇಳಿಸಲು ಇಬ್ಬರೂ ಒಪ್ಪಲಿಲ್ಲ. 242 ಕಿಲೋ ಉಳಿತಾಯವಿರುವ ಹಿಂದಿನ ಆಕ್ಸಲ್‌ನ ಪರವಾಗಿ ಅದಕ್ಕೆ ಆಕ್ಷೇಪ ಎತ್ತುವ ಅಗತ್ಯ ನನಗೂ ಕಾಣಲಿಲ್ಲ.